ಕಾಳಿನ ಗುಣ ಕಂಪನಿಗೆ, ಕಾಳಿನ ಸಾಲ ರೈತನಿಗೆ!



ಜವೆಗೋಧಿ, ಅಂದರೆ ಬಾರ್ಲಿ, ನಮ್ಮ ಬೆಳೆಯಲ್ಲ. ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣದ ರೈತರ ಹಿಂಗಾರಿ ಬೆಳೆ. ಆದರೂ ಅದರ ಕತೆ ಕೇಳಿ. ಕೊನೆಗೆ ಅದು ನಮ್ಮ ಕಬ್ಬಿನ ಗದ್ದೆಗೇ ಬಂದು ನಿಲ್ಲುತ್ತೆ.

ರಾಗಿ ಮೊಳಕೆ ಕಟ್ಟಿ ಮಾಲ್ಟ್ ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು: ಮೊಳೆತ ಕಾಳಿನ ಹಿಟ್ಟು ಸಿಹಿಯಾಗುತ್ತೆ, ಅಂಬಲಿ ತೆಳುವಾಗುತ್ತೆ. ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಬಿಯರ್ ಕಾರ್ಖಾನೆಯ ಕಸುಬೂ ಇದೇ. ಅಲ್ಲಿ ಬಾರ್ಲಿ ಮಾಲ್ಟನ್ನು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಕಲಸಿಡುತ್ತಾರೆ. ಆ ಬಿಸಿಗೆ ಬೀಟಾ-ಅಮೈಲೇಸ್ ಎಂಬ ಕಿಣ್ವ ಬೇಗ ಕೆಟ್ಟುಹೋಗುತ್ತೆ. ಆದರೆ ಎಲ್ಲ ತಳಿಯಲ್ಲೂ ಒಂದೇ ಸಮ ಅಲ್ಲ. ಕೆಲವು ತಳಿಯ ಕಿಣ್ವ ಹೆಚ್ಚು ತಾಳುತ್ತೆ, ಅದು ವಂಶದಿಂದ ಬಂದ ಗುಣ. 1998ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಕಾಡುಬಾರ್ಲಿಯಲ್ಲಿ ಇನ್ನೂ ಗಟ್ಟಿ ರೂಪ ಇರುವುದನ್ನು ತೋರಿಸಿದರು. ಕಿಣ್ವ ತಾಳಿದಷ್ಟೂ ಸಕ್ಕರೆ ಹೆಚ್ಚು. ಲಾಭ ಕಾರ್ಖಾನೆಗೆ.

ಈ ಗುಣ ಉಳಿಸುವ ಖರ್ಚು ಯಾರದು? ಕಾಳು ದಪ್ಪಗಿರಬೇಕು, ಎಲ್ಲವೂ ಒಟ್ಟಿಗೆ ಮೊಳೆಯಬೇಕು, ಪ್ರೋಟೀನ್ ಮಿತಿ ಮೀರಬಾರದು. ಯೂರಿಯಾ ಜಾಸ್ತಿ ಹಾಕಿದರೆ ಪ್ರೋಟೀನ್ ಏರುತ್ತೆ, ಕಡಿಮೆ ಹಾಕಿದರೆ ಇಳುವರಿ ಇಳಿಯುತ್ತೆ. ಕಾಳು ಕಟ್ಟುವ ಹೊತ್ತಿಗೆ ಬಿಸಿಲು ಏರಿದರೆ ಕಾಳು ಜೊಳ್ಳು. ಆಗ ಮಾಲ್ಟ್ ಕಂಪನಿ ಬೇಡ ಅಂದರೆ ದನದ ತಿಂಡಿಯ ಬೆಲೆಗೆ ಮಾರಬೇಕು. ಬೀಜ ಗೊಬ್ಬರಕ್ಕೆ ತಂದ ಸಾಲಕ್ಕೆ ಮಾತ್ರ ಬಡ್ಡಿ ಇಳಿಯೋದಿಲ್ಲ.

ನಾನು ತಳಿ ಸಂಶೋಧನೆಯ ವಿರೋಧಿಯಲ್ಲ. ಕರ್ನಾಲಿನ ಸರ್ಕಾರಿ ಸಂಸ್ಥೆ ಡಿ.ಡಬ್ಲ್ಯು.ಆರ್.ಯು.ಬಿ. 52ರಂಥ ಎರಡು ಸಾಲಿನ ಮಾಲ್ಟ್ ತಳಿ ತಂದಿದೆ. ಅದು ಜನರ ತೆರಿಗೆ ದುಡ್ಡು. ಹಾಗಿದ್ದರೆ ಫಲ ಯಾರಿಗೆ? 2025-26ರ ಹಂಗಾಮಿಗೆ ಬಾರ್ಲಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 1,980 ರೂಪಾಯಿ ಇತ್ತು, ಗೋಧಿಗೆ 2,425 ಇತ್ತು. ಮಾಲ್ಟ್ ಕಾಳಿಗೂ ದನದ ಕಾಳಿಗೂ ಒಂದೇ ಬೆಲೆ! ಕಿಣ್ವಕ್ಕೆ ಬೆಲೆಯೇ ಇಲ್ಲ.

"ಕಂಪನಿಯವರು ಕರಾರು ಮಾಡಿ ಹೆಚ್ಚು ಕೊಡ್ತಾರಲ್ಲ" ಅಂತಾರೆ ಕೆಲವರು. ಕೊಡಲಿ. ಆದರೆ ಅದು ಕಂಪನಿಯ ಮರ್ಜಿ, ರೈತನ ಹಕ್ಕಲ್ಲ.

ಈಗ ಕಬ್ಬಿಗೆ ಬನ್ನಿ. 2025-26ಕ್ಕೆ ಕೇಂದ್ರ ನಿಗದಿ ಮಾಡಿದ್ದು ಶೇ. 10.25 ರಿಕವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಮೇಲಿನ ಪ್ರತಿ 0.1ಕ್ಕೂ ಹೆಚ್ಚುವರಿ. ಅಂದರೆ ಗುಣದ ಬೆಲೆ ರೈತನದು ಅಂತ ಕಾನೂನೇ ಒಪ್ಪಿದೆ. ಆದರೆ ರಿಕವರಿ ಅಳೆಯೋದು ಯಾರು? ಕಾರ್ಖಾನೆ. ಕೊಳ್ಳುವವನ ಕೈಯಲ್ಲೇ ತಕ್ಕಡಿ!

ಆದ್ದರಿಂದ ನಮ್ಮ ಹಕ್ಕೊತ್ತಾಯ ಮೂರು:

1. ಗುಣಕ್ಕೆ ತಕ್ಕ ಬೆಲೆ ಬಿತ್ತನೆಗೆ ಮುಂಚೆಯೇ ಕಾನೂನಿನಲ್ಲಿ ಬರೆದಿರಬೇಕು.

2. ಪರೀಕ್ಷೆ ಸರ್ಕಾರಿ ಪ್ರಯೋಗಾಲಯದಲ್ಲಿ, ರೈತನ ಎದುರಿಗೇ ಆಗಬೇಕು.

3. ತಿರಸ್ಕರಿಸಿದ ಮಾಲಿನ ನಷ್ಟದಲ್ಲಿ ಕೊಳ್ಳುವವನಿಗೂ ಪಾಲಿರಬೇಕು.

ನಾಳೆ ಯಾರಾದರೂ ಹೊಸ ತಳಿ ಹಿಡಿದು "ಇದರ ಗುಣ ನೋಡಿ ಗೌಡ್ರೇ" ಅಂತ ನಿಮ್ಮ ಜಗುಲಿಗೆ ಬಂದರೆ, ಮೊದಲು ಒಂದು ಮಾತು ಕೇಳಿ: ಅಳೆಯೋರು ಯಾರು?