ಡಕಾರ್‌ನ ಸಮ್ಮೇಳನ ಮತ್ತು ನಮ್ಮ ಮಿಂಬರ್‌ಗಳ ಮೌನ

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ಜನಸಂಖ್ಯೆಯಲ್ಲಿ ಸುಮಾರು ಶೇ. 95 ಮಂದಿ ಮುಸ್ಲಿಮರು. ಅದರ ರಾಜಧಾನಿ ಡಕಾರ್‌ನಲ್ಲಿ 2008ರ ಡಿಸೆಂಬರ್ 3ರಿಂದ 7ರವರೆಗೆ ಏಡ್ಸ್ ಹಾಗೂ ಲೈಂಗಿಕವಾಗಿ ಹರಡುವ ಸೋಂಕುಗಳ ಕುರಿತ ಆಫ್ರಿಕಾದ ಅಂತಾರಾಷ್ಟ್ರೀಯ ಸಮ್ಮೇಳನ ಜರುಗಿತು. ಐಕಾಸಾ ಎಂಬ ಸಂಕ್ಷಿಪ್ತ ನಾಮದಿಂದ ಪರಿಚಿತವಾಗಿರುವ ಈ ಸಮ್ಮೇಳನಗಳ ಸರಣಿಯಲ್ಲಿ ಅದು 15ನೆಯದು. ವೈದ್ಯರು, ವಿಜ್ಞಾನಿಗಳು, ಸೋಂಕಿತರು ಮತ್ತು ಅವರ ಸೇವೆಗೆ ನಿಂತವರು ಆ ನಗರದ ಅತಿಥಿಗಳಾಗಿದ್ದರು.

ಕೆಲವು ದಿನಗಳ ಹಿಂದೆ ಇಶಾ ನಮಾಝಿನ ಬಳಿಕ ಮಾತಿಗೆ ಮಾತು ಬಂದು ಈ ಸಂಗತಿಯನ್ನು ಪ್ರಸ್ತಾಪಿಸಿದಾಗ ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿ ಕೇಳಿದರು: "ಉಸ್ತಾದರೇ, ಐದು ಹೊತ್ತು ಅಝಾನ್ ಮೊಳಗುವ ಊರಿಗೆ ಇಂತಹ ಸಮ್ಮೇಳನ ಏಕೆ ಬೇಕಿತ್ತು? ಇದೇನು ನಮ್ಮವರ ಕಾಯಿಲೆಯೇ?"

ಈ ಪ್ರಶ್ನೆ ಅವರೊಬ್ಬರದಲ್ಲ. ನಮ್ಮ ಜಮಾಅತ್‌ಗಳಲ್ಲಿ, ಮನೆಗಳಲ್ಲಿ, ಮದ್ರಸಾಗಳ ಉಪಾಧ್ಯಾಯರ ಕೊಠಡಿಗಳಲ್ಲಿಯೂ ಇದೇ ಭಾವನೆ ನೆಲೆಯೂರಿದೆ. ಆದ್ದರಿಂದ ನಮ್ಮ ಉತ್ತರವನ್ನು ಬಹಿರಂಗವಾಗಿಯೇ ಹೇಳುತ್ತೇವೆ. ಡಕಾರ್ ಆ ಸಮ್ಮೇಳನಕ್ಕೆ ಆತಿಥ್ಯ ನೀಡಿದ್ದು ಇಸ್ಲಾಮಿಗೆ ಕಳಂಕವಲ್ಲ. ರೋಗಿಯ ಹೆಸರೆತ್ತಲೂ ನಾಚುವ ನಮ್ಮ ಮೌನವೇ ಕಳಂಕ.

ಮೊದಲು ಸೆನೆಗಲ್ ಮಾಡಿದ್ದೇನು ಎಂಬುದನ್ನು ನೋಡೋಣ. ಅಲ್ಲಿ ಮೊದಲ ಏಡ್ಸ್ ಪ್ರಕರಣಗಳು ಬೆಳಕಿಗೆ ಬಂದದ್ದು 1986ರಲ್ಲಿ. ಅದಕ್ಕೂ ಮೊದಲೇ ಡಕಾರ್‌ನ ವಿಜ್ಞಾನಿ ಸುಲೈಮಾನ್ ಎಂಬೂಪ್ ಅವರು ಎಚ್ಐವಿ-2 ಎಂಬ ವೈರಸ್ಸಿನ ಎರಡನೆಯ ಪ್ರಭೇದವನ್ನು ಗುರುತಿಸಿದ ಸಂಶೋಧನೆಯಲ್ಲಿ ಪಾಲ್ಗೊಂಡಿದ್ದರು. ಸರಕಾರ ರೋಗವನ್ನು ಮುಚ್ಚಿಡಲಿಲ್ಲ. ರಕ್ತದಾನದ ರಕ್ತವನ್ನು ಪರೀಕ್ಷಿಸುವ ವ್ಯವಸ್ಥೆ ಮಾಡಿತು. ಲೈಂಗಿಕ ಸೋಂಕುಗಳ ಚಿಕಿತ್ಸೆಯನ್ನು ಬಲಪಡಿಸಿತು. ಬಳಿಕ ಅದು ಮಸೀದಿಯ ಬಾಗಿಲು ತಟ್ಟಿತು.

ಬಾಗಿಲು ಕೂಡಲೇ ತೆರೆಯಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಜಮ್ರಾ ಎಂಬ ಅಲ್ಲಿನ ಇಸ್ಲಾಮೀ ಸಂಘಟನೆ ಆರಂಭದಲ್ಲಿ ಕಾಂಡೋಮ್ ಪ್ರಚಾರವನ್ನು ಉಗ್ರವಾಗಿ ವಿರೋಧಿಸಿತ್ತು. ಆದರೆ ಎರಡೂ ಕಡೆಯವರು ಮುಖಾಮುಖಿ ಕುಳಿತು ಮಾತಾಡಿದರು. ಉಲಮಾಗಳು ವೈದ್ಯರ ಮಾತು ಆಲಿಸಿದರು, ವೈದ್ಯರು ಉಲಮಾಗಳ ಮಾತು ಆಲಿಸಿದರು. 1995ರಲ್ಲಿ ಡಕಾರ್‌ನಲ್ಲಿಯೇ ಏಡ್ಸ್‌ಗೆ ಇಸ್ಲಾಮಿನ ಉತ್ತರವೇನು ಎಂಬುದನ್ನು ಚರ್ಚಿಸಲು ಧಾರ್ಮಿಕ ನಾಯಕರ ಸಮಾವೇಶ ನಡೆಯಿತು. ಇಮಾಮರು ತಮ್ಮ ಖುತ್ಬಾಗಳಲ್ಲಿ ದಾಂಪತ್ಯ ನಿಷ್ಠೆಯನ್ನೂ ಸಂಯಮವನ್ನೂ ಬೋಧಿಸಿದರು. ರೋಗ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬುದನ್ನೂ ತಿಳಿಸಿದರು. ಆರೋಗ್ಯ ಕಾರ್ಯಕರ್ತರು ತಮ್ಮ ಕೆಲಸ ಮಾಡಿದರು. ಯಾರೂ ತಮ್ಮ ಸಿದ್ಧಾಂತವನ್ನು ಮಾರಲಿಲ್ಲ. ಯಾರೂ ಇನ್ನೊಬ್ಬರ ದಾರಿಗೆ ಅಡ್ಡ ಬೀಳಲಿಲ್ಲ.

ಫಲಿತಾಂಶ ನಮ್ಮ ಕಣ್ಣ ಮುಂದಿದೆ. ಆಫ್ರಿಕಾದ ಹಲವು ದೇಶಗಳಲ್ಲಿ ವಯಸ್ಕರ ಪೈಕಿ ಹತ್ತರಲ್ಲಿ ಒಬ್ಬರಿಗಿಂತಲೂ ಹೆಚ್ಚು ಮಂದಿ ಸೋಂಕಿಗೆ ತುತ್ತಾಗಿದ್ದಾಗ ಸೆನೆಗಲ್‌ನ ಪ್ರಮಾಣ 2005ರ ಸಮೀಕ್ಷೆಯ ಪ್ರಕಾರ ಶೇ. 0.7 ಮಾತ್ರವಿತ್ತು. ಇದೆಲ್ಲವೂ ಇಮಾಮರ ಸಾಧನೆಯೆಂದು ಹೇಳುವುದು ಉತ್ಪ್ರೇಕ್ಷೆ. ಇಮಾಮರಿಲ್ಲದೆಯೇ ಇದು ಸಾಧ್ಯವಾಯಿತೆನ್ನುವುದು ಅನ್ಯಾಯ. ಧರ್ಮವೇ ಏಡ್ಸ್ ನಿಯಂತ್ರಣಕ್ಕೆ ಅಡ್ಡಿ ಎನ್ನುವವರೂ, ಏಡ್ಸ್ ನಿಯಂತ್ರಣವೇ ಧರ್ಮಕ್ಕೆ ಅಡ್ಡಿ ಎನ್ನುವವರೂ ಈ ಒಂದು ದೇಶದ ಮುಂದೆ ತಮ್ಮ ವಾದವನ್ನು ಮರಳಿ ಪರಿಶೀಲಿಸಬೇಕಾಗುತ್ತದೆ.

ಈಗ ನಮ್ಮವರ ವಾದಗಳಿಗೆ ಬರೋಣ.

ಒಂದನೆಯ ವಾದ: "ಈ ರೋಗ ಅಶ್ಲೀಲತೆಗೆ ಬಂದ ದೈವಿಕ ಶಿಕ್ಷೆ." ಒಂದು ಜನತೆಯಲ್ಲಿ ಅನೈತಿಕತೆ ಬಹಿರಂಗವಾದಾಗ ಪೂರ್ವಿಕರು ಕಾಣದ ರೋಗಗಳು ಹರಡುತ್ತವೆ ಎಂಬ ಅರ್ಥದ ಹದೀಸನ್ನು ಇದಕ್ಕೆ ಆಧಾರವಾಗಿ ತರುತ್ತಾರೆ. ಆ ಹದೀಸಿನ ಎಚ್ಚರಿಕೆಯನ್ನು ನಾವು ನಿರಾಕರಿಸುವುದಿಲ್ಲ. ವ್ಯಭಿಚಾರ ಮಹಾಪಾಪವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಎಚ್ಚರಿಕೆ ಸಮಾಜಕ್ಕೆ ಕೊಟ್ಟದ್ದು. ಆಸ್ಪತ್ರೆಯ ಮಂಚದಲ್ಲಿ ಮಲಗಿದ ಒಬ್ಬ ವ್ಯಕ್ತಿಯ ಮೇಲೆ ತೀರ್ಪು ಬರೆಯಲು ನಮ್ಮ ಕೈಗೆ ಕೊಟ್ಟ ಲೇಖನಿಯಲ್ಲ ಅದು. ಪತಿಯಿಂದ ಸೋಂಕು ಪಡೆದ ಸಾಧ್ವಿ ಮಾಡಿದ ಪಾಪವೇನು? ತಾಯಿಯ ಗರ್ಭದಿಂದಲೇ ಸೋಂಕಿನೊಂದಿಗೆ ಬಂದ ಶಿಶುವಿನ ಪಾಪವೇನು? ಪರೀಕ್ಷಿಸದ ರಕ್ತವನ್ನು ಏರಿಸಿಕೊಂಡ ರೋಗಿಯ ಪಾಪವೇನು?

ಹಿಜರಿ 18ರಲ್ಲಿ ಶಾಮ್ ನಾಡಿನಲ್ಲಿ ಅಮ್ವಾಸ್‌ನ ಪ್ಲೇಗ್ ಹಬ್ಬಿತು. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರಾದ ಅಬೂ ಉಬೈದಾ(ರ) ಅದರಲ್ಲಿ ಮೃತರಾದರು. ಮಹಾ ವಿದ್ವಾಂಸರಾದ ಮುಆದ್ ಬಿನ್ ಜಬಲ್(ರ) ಕೂಡ ಅದರಲ್ಲೇ ಮೃತರಾದರು. ಅವರಿಗೆ ಬಂದದ್ದು ಶಿಕ್ಷೆಯೆಂದು ಹೇಳುವ ಧೈರ್ಯ ಯಾರಿಗಿದೆ? ಪ್ಲೇಗ್‌ನಲ್ಲಿ ಸಹನೆಯಿಂದ ಮಡಿದ ವಿಶ್ವಾಸಿಗೆ ಹುತಾತ್ಮನ ಪ್ರತಿಫಲವಿದೆಯೆಂದು ಪ್ರವಾದಿ(ಸ) ಕಲಿಸಿದರು. ರೋಗ ಮತ್ತು ಪಾಪಗಳ ಲೆಕ್ಕ ಅಲ್ಲಾಹನ ಬಳಿ ಇದೆ. ನಮ್ಮ ಪಾಲಿಗೆ ಬಂದಿರುವುದು ರೋಗಿಯನ್ನು ಸಂದರ್ಶಿಸುವ ಹೊಣೆ ಮಾತ್ರ.

ಎರಡನೆಯ ವಾದ: "ನಮ್ಮಲ್ಲಿ ಖತ್ನಾ ಇದೆ, ನಮಗೆ ಈ ರೋಗ ಬಾರದು." ಇದು ಅರ್ಧ ತಿಳಿದವರ ಮಾತು, ಅರ್ಧ ತಿಳಿವಳಿಕೆ ಅಜ್ಞಾನಕ್ಕಿಂತ ಅಪಾಯಕಾರಿ. ದಕ್ಷಿಣ ಆಫ್ರಿಕಾ, ಕೀನ್ಯಾ ಮತ್ತು ಉಗಾಂಡಾಗಳಲ್ಲಿ ನಡೆದ ಅಧ್ಯಯನಗಳು ಖತ್ನಾದಿಂದ ಹೆಣ್ಣಿನಿಂದ ಗಂಡಿಗೆ ಸೋಂಕು ತಗಲುವ ಸಂಭವ ಸುಮಾರು ಶೇ. 60ರಷ್ಟು ತಗ್ಗುತ್ತದೆಂದು ತೋರಿಸಿದ್ದು ನಿಜ. ಆದರೆ ಶೇ. 60 ನೂರಲ್ಲ. ಮೇಲಾಗಿ ಸೋಂಕಿತ ಪತಿಯ ಖತ್ನಾ ಅವನ ಪತ್ನಿಯನ್ನು ಕಾಪಾಡುತ್ತದೆಂಬುದಕ್ಕೆ ಆ ಅಧ್ಯಯನಗಳು ಆಧಾರ ಕೊಡುವುದಿಲ್ಲ. ಪ್ರವಾದಿಚರ್ಯೆಯೊಂದನ್ನು ಬೇಜವಾಬ್ದಾರಿಯ ರಕ್ಷಾಕವಚವಾಗಿ ಬಳಸುವುದು ಆ ಚರ್ಯೆಗೆ ಮಾಡುವ ಅವಮಾನ.

ಮೂರನೆಯ ವಾದ: "ಇಂತಹ ಸಮ್ಮೇಳನಗಳು ನಾಚಿಕೆಯನ್ನು ಕೊಲ್ಲುತ್ತವೆ." ಹಯಾ ಈಮಾನಿನ ಶಾಖೆಯೆಂದು ನಾವೂ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಸ್ನಾನ, ಋತುಸ್ರಾವ, ದಾಂಪತ್ಯದ ಪ್ರಶ್ನೆಗಳನ್ನು ಪ್ರವಾದಿ(ಸ)ರ ಬಳಿ ನೇರವಾಗಿ ಕೇಳಿದ ಅನ್ಸಾರ್ ಮಹಿಳೆಯರನ್ನು, ಜ್ಞಾನಾರ್ಜನೆಗೆ ನಾಚಿಕೆ ಅವರಿಗೆ ಅಡ್ಡಿಯಾಗಲಿಲ್ಲವೆಂದು ಹಝ್ರತ್ ಆಯಿಶಾ(ರ) ಪ್ರಶಂಸಿಸಿದ್ದರು. ನಮ್ಮ ಫಿಕ್‌ಹ್ ಗ್ರಂಥಗಳ ತಹಾರತ್ ಅಧ್ಯಾಯವನ್ನು ಹದಿಹರೆಯದ ವಿದ್ಯಾರ್ಥಿಗಳಿಗೆ ಓದಿಸುವ ನಾವು ಸಿಫಿಲಿಸ್ ಎಂಬ ಪದ ಕೇಳಿ ಕೆಂಪಾಗುವುದೇಕೆ? ಸಿಫಿಲಿಸ್ ಪೆನಿಸಿಲಿನ್‌ನಿಂದ ಗುಣವಾಗುವ ರೋಗ. ಚಿಕಿತ್ಸೆ ಸಿಗದ ಗರ್ಭಿಣಿಯಲ್ಲಿ ಅದು ಶಿಶುವಿನ ಜೀವ ತೆಗೆಯಬಲ್ಲದು. ಎಲ್ಲ ರೋಗಕ್ಕೂ ಅಲ್ಲಾಹನು ಔಷಧವನ್ನು ಇಳಿಸಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ) ಆದೇಶಿಸಿದಾಗ ಲೈಂಗಿಕ ರೋಗಗಳನ್ನು ಹೊರತುಪಡಿಸಿರಲಿಲ್ಲ.

ಕಾಂಡೋಮ್‌ನ ಮಾತನ್ನೂ ಮುಚ್ಚಿಡದೆ ಹೇಳಿಬಿಡೋಣ. ಅದು ವ್ಯಭಿಚಾರಕ್ಕೆ ಪರವಾನಗಿಯಾಗಲಾರದು. ಆದರೆ ಪತಿ ಪತ್ನಿಯರಲ್ಲಿ ಒಬ್ಬರಿಗೆ ಸೋಂಕಿದ್ದಾಗ ಇನ್ನೊಬ್ಬರನ್ನು ರಕ್ಷಿಸುವುದು, ಯಾರಿಗೂ ಹಾನಿ ತಟ್ಟಬಾರದೆಂಬ ಶರೀಅತ್ತಿನ ಮೂಲ ನಿಯಮದ ಬೇಡಿಕೆ. ಅಝ್ಲ್‌ಗೆ ಅನುಮತಿ ನೀಡಿದ ಬಹುಸಂಖ್ಯಾತ ಫುಕಹಾಗಳ ಮಾತನ್ನು ಬಲ್ಲವರು ಇಲ್ಲಿ ಕಣ್ಣು ಮುಚ್ಚಿಕೊಳ್ಳುವಂತಿಲ್ಲ.

ಇಷ್ಟಾದರೂ ಡಕಾರ್‌ನ ಕಥೆ ಸಮ್ಮೇಳನದ ಕೊನೆಯ ದಿನಕ್ಕೆ ಮುಗಿಯುವುದಿಲ್ಲ. ಆತಿಥ್ಯದ ನಿಜವಾದ ಪರೀಕ್ಷೆ ಆರಂಭವಾಗುವುದು ಅತಿಥಿಗಳು ಹೊರಟ ಮೇಲೆ. ಅದೇ ತಿಂಗಳು, ಸಮ್ಮೇಳನ ಮುಗಿದು ಎರಡು ವಾರ ಕಳೆಯುವ ಮುನ್ನವೇ, ಡಕಾರ್ ಬಳಿಯ ಮನೆಯೊಂದರಲ್ಲಿ ಒಂಬತ್ತು ಮಂದಿಯನ್ನು ಪೊಲೀಸರು ಬಂಧಿಸಿದರು. ಸಲಿಂಗಕಾಮದ ಆರೋಪ ಹೊತ್ತ ಅವರು ಎಚ್ಐವಿ ತಡೆಗಟ್ಟುವ ಕೆಲಸದಲ್ಲಿ ತೊಡಗಿದ್ದವರು. 2009ರ ಜನವರಿಯಲ್ಲಿ ಅವರಿಗೆ ಎಂಟು ವರ್ಷಗಳ ಸೆರೆವಾಸ ವಿಧಿಸಲಾಯಿತು. ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿ ಅವರನ್ನು ಬಿಡುಗಡೆ ಮಾಡಿತು.

ಆ ಕೃತ್ಯದ ಕುರಿತು ನಮ್ಮ ಧರ್ಮದ ನಿಲುವು ಎಲ್ಲರಿಗೂ ತಿಳಿದದ್ದೇ. ನಾವು ಅದನ್ನು ಬದಲಿಸಲು ಹೊರಟಿಲ್ಲ. ಆದರೆ ಇನ್ನೊಬ್ಬರ ಗುಟ್ಟನ್ನು ಕೆದಕಬಾರದೆಂದು ಪವಿತ್ರ ಕುರ್‌ಆನ್ ಸೂರಃ ಅಲ್ ಹುಜುರಾತ್‌ನಲ್ಲಿ ನಿಷೇಧಿಸಿದೆ. ಇದೂ ನಮ್ಮ ಧರ್ಮದ್ದೇ ನಿಲುವು. ತನ್ನ ಪಾಪವನ್ನು ತಾನೇ ಒಪ್ಪಿಕೊಳ್ಳಲು ಬಂದ ಮಾಇಝ್(ರ)ರಿಂದ ಪ್ರವಾದಿ(ಸ) ಮತ್ತೆ ಮತ್ತೆ ಮುಖ ತಿರುಗಿಸಿದರು. ಅವರನ್ನು ಕಳುಹಿಸಿಕೊಟ್ಟವರಿಗೆ, ನಿಮ್ಮ ಬಟ್ಟೆಯಿಂದಲಾದರೂ ಅವರನ್ನು ಮರೆಮಾಡಿದ್ದರೆ ಒಳಿತಿತ್ತೆಂಬ ಅರ್ಥದ ಮಾತು ಹೇಳಿದರು. ಆ ಪ್ರವಾದಿಯ ಅನುಯಾಯಿಗಳು ಪರರ ಮನೆಯ ಬಾಗಿಲ ಸಂದಿಯಲ್ಲಿ ಇಣುಕುವುದು ಯಾವ ಧರ್ಮ? ಬಂಧನದ ಭಯ ಹಬ್ಬಿದಾಗ ರೋಗಿಗಳು ಆಸ್ಪತ್ರೆಯಿಂದ ದೂರ ಓಡುತ್ತಾರೆ. ರೋಗ ಮಾತ್ರ ಓಡುವುದಿಲ್ಲ. ಅದು ಅವರ ಮೂಲಕ ಅವರ ಮನೆಯ ನಿರಪರಾಧಿಗಳನ್ನು ತಲುಪುತ್ತದೆ.

ಬಾಗಿಲು ಮುಚ್ಚುವ ರೋಗ ಮುಸ್ಲಿಮರಿಗೆ ಮಾತ್ರ ತಗಲಿದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಅಮೆರಿಕವು ಎಚ್ಐವಿ ಸೋಂಕಿತ ವಿದೇಶೀಯರಿಗೆ 1987ರಿಂದ 2010ರ ಆರಂಭದವರೆಗೆ ಪ್ರವೇಶ ನಿರ್ಬಂಧಿಸಿತ್ತು. ಆ ಕಾರಣಕ್ಕೆ 1992ರಲ್ಲಿ ಬೋಸ್ಟನ್‌ನಲ್ಲಿ ನಡೆಯಬೇಕಿದ್ದ ವಿಶ್ವ ಏಡ್ಸ್ ಸಮ್ಮೇಳನ ಆಮ್‌ಸ್ಟರ್‌ಡ್ಯಾಮ್‌ಗೆ ಸ್ಥಳಾಂತರಗೊಂಡಿತು. ಅದು ಮತ್ತೆ ಅಮೆರಿಕಕ್ಕೆ ಬಂದದ್ದು 2012ರಲ್ಲಿ. ನಮ್ಮ ಮಕ್ಕಳು ದುಡಿಯಲು ಹೋಗುವ ಕೊಲ್ಲಿ ರಾಷ್ಟ್ರಗಳ ಉದ್ಯೋಗ ವೀಸಾಕ್ಕೆ ಇಂದಿಗೂ ಎಚ್ಐವಿ ಪರೀಕ್ಷೆ ಕಡ್ಡಾಯ. ಸೋಂಕು ಕಂಡುಬಂದರೆ ವೀಸಾ ಇಲ್ಲ. ಕರಾವಳಿಯ ಎಷ್ಟು ಯುವಕರು ಆ ಒಂದು ಕಾಗದವನ್ನು ಜೇಬಿನಲ್ಲಿ ಮಡಚಿಟ್ಟುಕೊಂಡು, ಮನೆಯವರಿಗೆ ಬೇರೇನೋ ಕಾರಣ ಹೇಳಿ ಸುಮ್ಮನಾಗಿರಬಹುದು!

ಇಲ್ಲಿ ನಾವು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳಬೇಕು. ವರ್ಷಗಳ ಹಿಂದೆ ಒಂದು ಊರಿನಲ್ಲಿ ಅಧ್ಯಾಪಕರಾಗಿದ್ದಾಗ ಅಂಥ ಯುವಕನೊಬ್ಬನ ಜನಾಝಾಕ್ಕೆ ಹೋಗಿದ್ದೆವು. ರೋಗದ ಸುದ್ದಿ ಹೇಗೋ ಹರಡಿತ್ತು. ಮಯ್ಯಿತ್‌ಗೆ ಗುಸ್ಲ್ ಮಾಡಿಸಲು ಯಾರೂ ಮುಂದೆ ಬರಲಿಲ್ಲ. ಕೈಗವಸು ತೊಟ್ಟು, ಸಾಮಾನ್ಯ ಎಚ್ಚರಿಕೆ ವಹಿಸಿದರೆ ಸಾಕೆಂದು ಅಂದು ನಮಗೆ ತಿಳಿದಿರಲಿಲ್ಲ, ಕೇಳಿ ತಿಳಿಯುವ ಮನಸ್ಸೂ ಮಾಡಲಿಲ್ಲ. ಕೊನೆಗೆ ಅವನ ವೃದ್ಧ ತಂದೆಯೊಬ್ಬರೇ ನಡುಗುವ ಕೈಗಳಿಂದ ಮಗನನ್ನು ತೊಳೆದರು. ನಾವು ಹೌಝಿನ ಬಳಿ ನಿಂತು ನೋಡುತ್ತಿದ್ದೆವು. ಮುಂದಿನ ಜುಮಾದಲ್ಲಿ ಆ ಕುರಿತು ಒಂದು ಮಾತೂ ಬರಲಿಲ್ಲ. ಅವನ ಪತ್ನಿಗೆ ಪರೀಕ್ಷೆ ಮಾಡಿಸಿಕೋ ಎಂದು ಹೇಳುವವರೂ ಇರಲಿಲ್ಲ. ಜಮಾಅತಿನ ಎಲ್ಲರ ಮೇಲಿದ್ದ ಫರ್ಳ್ ಕಿಫಾಯವನ್ನು ಒಬ್ಬ ತಂದೆಯ ಹೆಗಲಿಗೆ ಹೊರಿಸಿದ ಆ ದಿನದ ಲೆಕ್ಕವನ್ನು ನಾವು ಅಲ್ಲಾಹನ ಮುಂದೆ ಹೇಗೆ ಒಪ್ಪಿಸುವುದು?

ಆದ್ದರಿಂದ ಖತೀಬರಲ್ಲಿ, ಜಮಾಅತ್ ಕಮಿಟಿಗಳಲ್ಲಿ ನಮ್ಮ ಆಗ್ರಹವಿಷ್ಟು. ಡಕಾರ್‌ನಂತೆ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಆತಿಥ್ಯ ವಹಿಸುವ ಸಾಮರ್ಥ್ಯ ನಮ್ಮ ಮೊಹಲ್ಲಾಗಳಿಗಿಲ್ಲ. ಒಬ್ಬ ವೈದ್ಯರಿಗೆ ಒಂದು ಸಂಜೆಯ ಆತಿಥ್ಯ ನೀಡುವ ಸಾಮರ್ಥ್ಯವಂತೂ ಇದೆ. ವರ್ಷಕ್ಕೊಮ್ಮೆ ಅವರನ್ನು ಕರೆಯಿರಿ, ಮಹಿಳೆಯರಿಗೆ ಪ್ರತ್ಯೇಕವಾಗಿ ವೈದ್ಯೆಯೊಬ್ಬರನ್ನು ಕರೆಯಿರಿ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಒಂದೇ ಹೌಝಿನಲ್ಲಿ ವುಳೂ ಮಾಡುವುದರಿಂದ, ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವುದರಿಂದ ಎಚ್ಐವಿ ಹರಡುವುದಿಲ್ಲವೆಂದು ಮಿಂಬರ್‌ನಿಂದ ಹೇಳಿ. ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧ ಉಚಿತವಾಗಿ ದೊರೆಯುತ್ತದೆ, ಅದನ್ನು ತಪ್ಪದೆ ಸೇವಿಸಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದ ವ್ಯಕ್ತಿಯಿಂದ ಸಂಗಾತಿಗೆ ಸೋಂಕು ತಗಲುವುದಿಲ್ಲವೆಂದು ತಿಳಿಸಿ. ಗರ್ಭಿಣಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಮಗುವಿಗೆ ಸೋಂಕು ತಗಲುವ ಸಂಭವವನ್ನು ಶೇ. 5ಕ್ಕಿಂತಲೂ ಕೆಳಗಿಳಿಸಬಹುದೆಂದು ತಿಳಿಸಿ. 1097 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ಬರೆದಿಡಿ. ಸೋಂಕಿತರ ವಿರುದ್ಧ ತಾರತಮ್ಯವನ್ನೂ ಅವರ ಗುಟ್ಟು ಬಯಲುಮಾಡುವುದನ್ನೂ ನಮ್ಮ ದೇಶದ 2017ರ ಕಾನೂನು ನಿಷೇಧಿಸಿದೆ. ರೋಗಿಯ ಗುಟ್ಟು ಅಮಾನತ್ ಎಂದು ನಮ್ಮ ಧರ್ಮ ಅದಕ್ಕೂ ಎಷ್ಟೋ ಮೊದಲೇ ಕಲಿಸಿತ್ತು.

ಪ್ಲೇಗ್ ಹಬ್ಬಿದ ಶಾಮ್‌ನ ಗಡಿಯಿಂದ ಹಝ್ರತ್ ಉಮರ್(ರ) ಹಿಂದಿರುಗಿದಾಗ, ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದ್ದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬುದು ಖಲೀಫರ ಉತ್ತರವಾಗಿತ್ತು. ರೋಗ ಅಲ್ಲಾಹನ ವಿಧಿಯಾದರೆ ಪರೀಕ್ಷೆಯೂ ಔಷಧವೂ ಅವನದೇ ವಿಧಿ. ನಾವು ಜನರನ್ನು ಯಾವ ವಿಧಿಯೆಡೆಗೆ ಕರೆಯುತ್ತಿದ್ದೇವೆ?

ಆ ಹಿರಿಯರು ಈ ಬರಹವನ್ನು ಓದುತ್ತಿದ್ದರೆ ಅವರಲ್ಲಿ ನಮ್ಮ ವಿನಂತಿ ಇಷ್ಟೇ: ಇದು ನಮ್ಮವರ ಕಾಯಿಲೆಯೇ ಎಂದು ಮತ್ತೆ ಕೇಳಬೇಡಿ. ಕಾಯಿಲೆಯಿಂದ ನರಳುವವನು ನಮ್ಮವನೇ. ಅಲ್ಲಾಹನು ನಮ್ಮ ನಾಲಗೆಗಳಿಗೆ ಸತ್ಯವನ್ನೂ ಕೈಗಳಿಗೆ ಕರುಣೆಯನ್ನೂ ದಯಪಾಲಿಸಲಿ, ರೋಗಿಗಳಿಗೆ ಶಿಫಾ ನೀಡಲಿ. ಆಮೀನ್.