ರೞಕ್ಕೆ ಬಂದ ಹೆಸರು

ಸೇರು, ಮೊಳ, ಗಜಗಳು ಊರಿಗೊಂದು ಬಗೆಯಾಗಿದ್ದ ಕಾಲದಲ್ಲಿ ಮಾರುವವನ ಜಾಣತನಕ್ಕೆ ಎಡೆಯಿತ್ತು. ಕೊಳ್ಳುವವನ ನಂಬಿಕೆಗೆ ಎಡೆಯಿರಲಿಲ್ಲ. ಎಲ್ಲರೂ ಒಪ್ಪುವ ಅಳತೆಗಳನ್ನು ಗೊತ್ತುಮಾಡುವ ಸಂಸ್ಥೆಗಳು ಬೇಕಾದದ್ದು ಇಂತಹ ತೊಡಕುಗಳಿಂದಲೇ. ನಮ್ಮ ದೇಶದಲ್ಲಿ 1947ರಲ್ಲಿ ಹುಟ್ಟಿದ ಭಾರತೀಯ ಮಾನಕ ಸಂಸ್ಥೆಯು 1987ರಲ್ಲಿ ಭಾರತೀಯ ಮಾನಕ ಬ್ಯೂರೋ ಆಯಿತು. ಸಿಮೆಂಟಿನ ಚೀಲದ ಮೇಲೆ, ಅಡಿಗೆಮನೆಯ ಕುಕ್ಕರಿನ ಮೇಲೆ ಅದರ ಐ.ಎಸ್.ಐ. ಮುದ್ರೆಯನ್ನು ನೋಡದವರಿಲ್ಲ. ಆದರೆ ಆ ಬ್ಯೂರೋ 1991ರಲ್ಲಿ ಭಾರತೀಯ ಲಿಪಿಗಳ ಗಣಕ ಸಂಕೇತಗಳಿಗೂ ಒಂದು ಮಾನಕವನ್ನು ಹೊರಡಿಸಿತೆಂಬುದನ್ನು ಬಲ್ಲ ಸಾಹಿತ್ಯದ ಅಧ್ಯಾಪಕರು ವಿರಳ.

ಇಂದು ಲೋಕವೆಲ್ಲ ಒಪ್ಪಿರುವ ಲಿಪಿಮಾನಕ ಯೂನಿಕೋಡ್. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಹೆಸರು. ಇದು ಅದರ ಕ್ರಮ. ತಮಿಳು, ಮಲಯಾಳಗಳ ೞಕಾರಕ್ಕೆ ಅಲ್ಲಿ ಉಚಿತವಾದ ಹೆಸರೇ ಇದೆ. ನಮ್ಮ ಹಳಗನ್ನಡದ ೞಕಾರಕ್ಕೆ ದೊರೆತದ್ದಾದರೋ ‘ಫ಼’ ಎಂಬ ಹೆಸರು, ಇಂಗ್ಲಿಷಿನ ಎಫ್ ಧ್ವನಿಯದು! ತಪ್ಪು ಮುಂದೆ ಬೆಳಕಿಗೆ ಬಂದಿತು. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಮಾನಕದ ನಿಯಮ. ಹಾಗಾಗಿ ಸರಿಯಾದ ಹೆಸರು ಉಪನಾಮವಾಗಿ ಪಕ್ಕದಲ್ಲಿ ನಿಂತಿದೆ. ತಪ್ಪು ಹೆಸರು ಮೂಲಸ್ಥಾನದಲ್ಲಿಯೇ ಕುಳಿತಿದೆ.

ಅಕ್ಷರ ಸರಿಯಾಗಿ ಮೂಡಿದರೆ ಸಾಲದೆ, ಹೆಸರು ಯಾವುದಾದರೇನು ಎಂದು ಕೇಳುವವರುಂಟು. ಮಾತು ನ್ಯಾಯವೇ, ಹೆಸರಿನಿಂದ ಅಕ್ಷರದ ರೂಪ ಕೆಡಲಿಲ್ಲ. ನನಗೆ ವ್ಯಥೆಯಾಗುವುದು ಬೇರೆ ಕಾರಣಕ್ಕೆ. ಹೆಸರಿಡುವ ಹೊತ್ತಿನಲ್ಲಿ ಆ ಅಕ್ಷರವನ್ನು ಬಲ್ಲವರ ಮಾತು ಅಲ್ಲಿಗೆ ಮುಟ್ಟಿದಂತೆ ತೋರುವುದಿಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿಯೇ ರೞ, ಕುಳ, ಕ್ಷಳಗಳನ್ನು ಬೇರ್ಪಡಿಸಿ ತೋರಿಸಿದ್ದನಲ್ಲವೆ? ಬಾಳ್ ಎಂದರೆ ಕತ್ತಿ. ಬಾೞ್ ಎಂದರೆ ಬದುಕು. ವಿಜಯನಗರ, ರಾಜಾಜಿನಗರಗಳ ಕಡೆಯ ನಮ್ಮ ವಿದ್ಯಾರ್ಥಿಗಳು ಪಂಪನ ಪದ್ಯಕ್ಕೆ ಟಿಪ್ಪಣಿ ಬರೆಯುವುದು ಈಗ ಬಹುಮಟ್ಟಿಗೆ ಮೊಬೈಲಿನಲ್ಲಿ. ಕೀಲಿಮಣೆಯಲ್ಲಿ ೞ ಕಣ್ಣಿಗೆ ಬೀಳದಿದ್ದರೆ ಳಕಾರವನ್ನೇ ಒತ್ತಿಬಿಡುತ್ತಾರೆ. ಅಲ್ಲಿಗೆ ಕತ್ತಿಗೂ ಬದುಕಿಗೂ ಭೇದವಳಿಯಿತು! ಇದಕ್ಕೆ ಆ ತಪ್ಪು ಹೆಸರು ಕಾರಣವಲ್ಲ, ನಿಜ. ಆದರೆ ಅಕ್ಷರದ ಯಂತ್ರಗಳಿಂದ ಅಕ್ಷರಶಾಸ್ತ್ರಜ್ಞರು ದೂರ ಉಳಿದ ಫಲ ಎರಡರಲ್ಲಿಯೂ ಕಾಣುತ್ತದೆ.

ಹೆಸರು ಬದಲಿಸಕೂಡದೆಂಬ ನಿಯಮವನ್ನು ನಾನು ದೂರಲಾರೆ. ದಿನಕ್ಕೊಂದು ಉದ್ದವಾಗುವ ಗಜಕಡ್ಡಿ ಯಾರಿಗೆ ಬೇಕು? ಮಾನಕ ಸ್ಥಿರವಾಗಿರಬೇಕಾದ್ದರಿಂದಲೇ ಎಚ್ಚರ ಮೊದಲೇ ಇರಬೇಕು. ಬಳಕೆಯ ಸಾಕ್ಷ್ಯಗಳನ್ನು ಮುಂದಿಟ್ಟು ಕೇಳಿದರೆ ಬಾಗಿಲು ತೆರೆಯದೆ ಇಲ್ಲ. ಸ್ವರವಿಲ್ಲದ ನಕಾರಕ್ಕೆ ಹಿಂದಿನವರು ಬಳಸುತ್ತಿದ್ದ ನಕಾರಪೊಲ್ಲಿಗೆ 2021ರಲ್ಲಿ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದೇ ಇದಕ್ಕೆ ನಿದರ್ಶನ.

ಆದುದರಿಂದ ಇದನ್ನು ಇಂಜಿನಿಯರರ ಕೆಲಸವೆಂದು ಕೈಬಿಡುವುದು ಸಲ್ಲದು. ಗ್ರಂಥಸಂಪಾದನೆಯಂತೆ ಇದೂ ನಮ್ಮ ಶಾಸ್ತ್ರದ ಒಂದು ಅಂಗ. ಶಾಸನ, ಓಲೆಗರಿಗಳಲ್ಲಿ ಕಾಣುವ ಚಿಹ್ನೆಗಳಲ್ಲಿ ಯಾವುವು ಮಾನಕದೊಳಗೆ ಸೇರಿವೆ, ಯಾವುವು ಹೊರಗಿವೆ, ಸೇರಿದವು ಸರಿಯಾಗಿ ಸೇರಿವೆಯೆ ಎಂದು ಪರಿಶೀಲಿಸುವುದನ್ನು ನಮ್ಮ ಎಂ.ಎ. ತರಗತಿಗಳೇ ಕೈಗೆತ್ತಿಕೊಳ್ಳಬಹುದು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯನ್ನು ೞಕಾರವೊಂದರಲ್ಲಿ ನಿಜಮಾಡಿ ತೋರಿಸಿದ್ದು ಸಾಕು.