ಯಾರ ಮೊಳ?

ಮೊಳದ ಲೆಕ್ಕದಲ್ಲಿ ಹೂವು ಮಾರುವ ಪದ್ಧತಿ ಕೆಂಗೇರಿ ಉಪನಗರದಲ್ಲಿ ಇಂದಿಗೂ ಉಂಟು. ಹೂವಾಡಗಿತ್ತಿ ಅಳೆದುಕೊಟ್ಟ ಒಂದು ಮೊಳ ಮಲ್ಲಿಗೆಯನ್ನು ಆರು ವರ್ಷದ ಮಗು ತನ್ನ ಕೈಯಿಂದ ಅಳೆದರೆ ಸುಮಾರು ಒಂದೂವರೆ ಮೊಳವಾದೀತು! ತಪ್ಪು ಯಾರದು? ಯಾರದೂ ಅಲ್ಲ. ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದವೇ ಮೊಳ. ಕೈ ಬೇರೆಯಾದರೆ ಮೊಳವೂ ಬೇರೆ. ಇಂತಹ ಗೊಂದಲವನ್ನು ಕಳೆಯಲೆಂದೇ 1956ರ ಕಾಯಿದೆಯು ದೇಶಕ್ಕೆಲ್ಲ ಮೀಟರು, ಕಿಲೋಗ್ರಾಮುಗಳನ್ನು ವಿಧಿಸಿತು.

ನೂರು ಸೆಂಟಿಮೀಟರಿಗೆ ಒಂದು ಮೀಟರೆಂದು ಬರಿದೆ ಉರುಹೊಡೆದ ಮಗುವಿಗೆ ಅದರ ಅಗತ್ಯ ತಿಳಿಯದು. ಆದಕಾರಣ ತಾಯಿತಂದೆಗಳು ಮೊದಲು ಗೇಣಿನಿಂದ ಮೇಜನ್ನೂ ಹೆಜ್ಜೆಯಿಂದ ಹಜಾರವನ್ನೂ ಮಕ್ಕಳಿಂದಲೇ ಅಳೆಯಿಸಲಿ. ತಂದೆಯ ಲೆಕ್ಕಕ್ಕೂ ತನ್ನ ಲೆಕ್ಕಕ್ಕೂ ಹೊಂದಿಕೆಯಾಗದಿದ್ದಾಗ, ಎಲ್ಲರಿಗೂ ಒಪ್ಪುವ ಅಳತೆ ಯಾವುದೆಂದು ಮಗುವೇ ಕೇಳುತ್ತದೆ. ಅಳತೆಪಟ್ಟಿಯನ್ನು ಅದರ ಕೈಗೆ ಕೊಡಬೇಕಾದುದು ಆಗ.